ಎಲ್ಲರೂ ಮಲಗಿದ ಮೇಲೆ ಹೊರಡುವ ಬೋಗಿ

ನನ್ನ ಕಥೆ ಕೇಳಿ ನಿದ್ದೆ ಹೋಗದವರು ಈ ಭೂಮಿಯ ಮೇಲೆ ಇನ್ನೂ ಹುಟ್ಟಿಲ್ಲ ಎಂದು ನಾನು ಮೊದಲೆಲ್ಲ ಹೇಳುತ್ತಿದ್ದೆ. ಈಗ ಹಾಗೆ ಹೇಳುವುದಿಲ್ಲ. ಇಬ್ಬರು ಹುಟ್ಟಿದ್ದಾರೆ, ಅವರಲ್ಲಿ ಒಬ್ಬಳಿಗೆ ಆಗಿನ್ನೂ ಹಲ್ಲು ಬಂದಿರಲಿಲ್ಲ. ಅವರಿಬ್ಬರನ್ನು ಬಿಟ್ಟರೆ ಉಳಿದ ಲೋಕವೆಲ್ಲ ನನ್ನ ಮುಂದೆ ಗೊರಕೆ ಹೊಡೆದಿದೆ. ಒಬ್ಬ ಫೌಜದಾರನನ್ನು ಅವನ ಕುದುರೆಯ ಸಮೇತ ಮಲಗಿಸಿದ್ದೇನೆ. ಒಮ್ಮೆ ಗಾಳಿ ಊರಿನ ಕಡೆ ಬೀಸುತ್ತಿದ್ದಾಗ ಕೊಂಚ ಜೋರಾಗಿ ಕಥೆ ಹೇಳಿಬಿಟ್ಟೆ. ಮರುದಿನ ಊರಿನ ಹುಂಜಗಳೆಲ್ಲ ಮಧ್ಯಾಹ್ನ ಊಟದ ಹೊತ್ತಿಗೆ ಎದ್ದು ಕೂಗಿದವು. ನಂಬದಿದ್ದರೆ ಬಿಡಿ, ಹುಂಜಗಳನ್ನೇ ಕೇಳಿ.

ಇದು ನನ್ನ ಚಟವಲ್ಲ, ಉದ್ಯೋಗ. ನಮ್ಮ ಊರು ಮುಗಿದು ಜಾಲಿ, ಕಾರೆಕಂಟಿ, ಬಂಡೆಗಲ್ಲುಗಳ ಬಯಲು ಶುರುವಾಗುವಲ್ಲಿ ಒಂದು ರೈಲು ಬೋಗಿ ಇದೆ. ಹಳಿಗಳನ್ನು ಯಾವ ಕಾಲದಲ್ಲೋ ಕಿತ್ತುಕೊಂಡು ಹೋದರು, ಬೋಗಿಯನ್ನು ಮರೆತು ಹೋದರು. ಅದರೊಳಗಿನ ಹಲಗೆಗಳ ಮೇಲೆ ಹತ್ತಿಯ ಗಾದಿ ಹಾಸಿ, ಕಿಟಕಿಗಳಿಗೆ ಹಳೆಯ ಸೀರೆಯ ಪರದೆ ಕಟ್ಟಿ, ಮೂಲೆಯಲ್ಲೊಂದು ನೀರಿನ ಹರವಿ ಇಟ್ಟು, ರಾತ್ರಿ ತಂಗುವವರಿಗೆ ಜಾಗ ಮಾಡಿಕೊಟ್ಟವಳು ಸೋನಕ್ಕ. ಬೋಗಿಯ ನೇಮ ಇಷ್ಟೇ: ಒಳಗಿದ್ದವರೆಲ್ಲ ಮಲಗಿದರೆ ಹೊರಡುತ್ತದೆ. ಒಂದು ಕಣ್ಣು ತೆರೆದಿದ್ದರೂ ಮಿಸುಕಾಡುವುದಿಲ್ಲ. ಬೆಳಗ್ಗೆ ಎಲ್ಲಿ ನಿಂತಿರುತ್ತದೆಂದರೆ, ಒಳಗಿದ್ದವರಲ್ಲಿ ಯಾರ ನಿದ್ದೆ ಎಲ್ಲಕ್ಕಿಂತ ಆಳವೋ, ಅವರಿಗೆ ಬೇಕಾದ ಜಾಗದಲ್ಲಿ.

ಊರಿನವರು ಇದಕ್ಕೆ ಯಾವತ್ತೋ ಹೊಂದಿಕೊಂಡಿದ್ದಾರೆ. ಹಾಲಿನವನು ಬೆಳಗ್ಗೆ ನೀರಿನ ಟಾಕಿಯ ಮೇಲೆ ಹತ್ತಿ, ಇವತ್ತು ಬೋಗಿ ಯಾವ ದಿಕ್ಕಿನಲ್ಲಿ ಹೊಳೆಯುತ್ತಿದೆ ಎಂದು ನೋಡಿಕೊಂಡೇ ಸೈಕಲ್ಲು ತಿರುಗಿಸುತ್ತಾನೆ. ಸೋನಕ್ಕ ತನ್ನ ಒಲೆಯನ್ನು ತಳ್ಳುಗಾಡಿಯ ಮೇಲೆ ಇಟ್ಟುಕೊಂಡಿದ್ದಾಳೆ. ಬೋಗಿ ಎಲ್ಲಿಯೋ ಅಡುಗೆಮನೆ ಅಲ್ಲಿ. ಸಾಲ ಕೊಟ್ಟವರನ್ನೂ ಪಡೆದವರನ್ನೂ ಒಂದೇ ರಾತ್ರಿ ಹತ್ತಿಸುವುದಿಲ್ಲ, ಇಬ್ಬರೂ ಮಲಗುವುದಿಲ್ಲ. ಹೊಸದಾಗಿ ಮದುವೆಯಾದವರಿಗೆ ಪ್ರವೇಶವೇ ಇಲ್ಲ. ಕಾರಣ ನಾನು ಹೇಳುವುದಿಲ್ಲ.

ಎಲ್ಲರನ್ನೂ ಮಲಗಿಸುವುದು ನನ್ನ ಕೆಲಸ. ಬೇಸರ ಹುಟ್ಟಿಸಿದರೆ ನಿದ್ದೆ ಬರುತ್ತದೆ ಎಂದು ಹೊರಗಿನವರು ತಿಳಿದಿದ್ದಾರೆ. ತಪ್ಪು. ಬೇಸರದಿಂದ ಸಿಟ್ಟು ಬರುತ್ತದೆ. ನಿದ್ದೆ ಬರಿಸಲು ಸುಳ್ಳು ಬೇಕು, ಅದೂ ಹತ್ತಿಯಂತೆ ಚೆನ್ನಾಗಿ ಹಿಂಜಿದ ಸುಳ್ಳು. ಮುಂದೇನಾಯಿತು ಎಂದು ಕೇಳುವ ಅಗತ್ಯವೇ ಬೀಳಬಾರದು. ಎಲ್ಲರೂ ಮಲಗಿದ ಮೇಲೆ ನಾನು ಸದ್ದಿಲ್ಲದೆ ಇಳಿದು, ಹೊರಗೆ ಕಂಬಳಿ ಹಾಸಿಕೊಳ್ಳುತ್ತೇನೆ. ನಾನು ಒಳಗೆ ಮಲಗುವಂತಿಲ್ಲ, ಸೋನಕ್ಕನ ಆಜ್ಞೆ. ಯಾಕೆಂದರೆ ನನ್ನ ನಿದ್ದೆಯ ಆಳ ಏಳು ಬಾವಿಯ ಆಳ. ಹಿಂದೊಮ್ಮೆ ತಪ್ಪಿ ಒಳಗೇ ಕಣ್ಣು ಮುಚ್ಚಿದೆ. ಬೆಳಗ್ಗೆ ನೋಡಿದರೆ ಬೋಗಿ ಸಂತೆಪೇಟೆಯ ಮಿರ್ಚಿಭಜಿ ಅಂಗಡಿಯ ಬಾಣಲೆಗೆ ಮೂಗು ತಾಗಿಸಿಕೊಂಡು ನಿಂತಿತ್ತು. ತವರಿಗೆ ಹೊರಟವರು, ತೀರ್ಥಕ್ಕೆ ಹೊರಟವರು, ಎಲ್ಲರೂ ಭಜಿ ತಿಂದು ನನಗೆ ಬೈದು ಮನೆಗೆ ನಡೆದರು. ಅಂದಿನಿಂದ, ಜನರನ್ನು ನನ್ನಷ್ಟು ದೂರ ಮುಟ್ಟಿಸಿ, ತಾನು ಮಾತ್ರ ನನ್ನಷ್ಟು ಇದ್ದಲ್ಲೇ ಉಳಿದವನು ಮೂರು ಲೋಕದಲ್ಲೂ ಸಿಗುವುದಿಲ್ಲ.

ನನ್ನ ಹೆಸರು ಚಿಲಕಪ್ಪ. ಇದನ್ನು ಹೇಳಬೇಕಾದರೆ ನಮ್ಮ ಕಡೆಯ ಪದ್ಧತಿಯನ್ನೂ ಹೇಳಬೇಕು. ನಮ್ಮಲ್ಲಿ ಮಗುವಿಗೆ ಹೆಸರಿಡುವವನು ತಾಯಿಯ ಅಪ್ಪ. ಮೊದಲ ಹಲ್ಲು ಮೂಡುವುದರೊಳಗೆ ಅವನು ಮಗುವಿನ ಕಿವಿಯಲ್ಲಿ ಹೆಸರನ್ನು ಊದಬೇಕು. ಅವನು ಬರುವ ಮೊದಲೇ ಹಲ್ಲು ಬಂತೋ, ಆ ಹಲ್ಲಿನಿಂದ ಮಗು ಮೊದಲು ಯಾವ ಗಟ್ಟಿ ಪದಾರ್ಥವನ್ನು ಕಚ್ಚುತ್ತದೋ ಅದೇ ಅದರ ಹೆಸರು, ಸಾಯುವ ತನಕ. ಬೆಲ್ಲವ್ವ ಎಂಬವಳು ನಮ್ಮೂರಲ್ಲಿ ಪುಣ್ಯವಂತೆ. ಸೌಟಪ್ಪ ಹೇಗೋ ಬಾಳಿದ. ಚಪ್ಲೆವ್ವನಿಗೆ ಗಂಡು ಸಿಗಲು ಎಷ್ಟು ತಡವಾಯಿತೆಂದು ಕೇಳಬೇಡಿ. ನನ್ನ ವಿಷಯ ಹಾಗಲ್ಲ. ಮೂರು ರಾಜರ ಖಜಾನೆಯ ಚಿಲಕಗಳು ನನ್ನ ಕೈಯಲ್ಲಿದ್ದುದರಿಂದ ನನಗೆ ಆ ಬಿರುದು ಬಂತು. ಸೋನಕ್ಕ ಬೇರೆ ಏನೋ ಹೇಳುತ್ತಾಳೆ, ಅವಳಿಗೆ ವಯಸ್ಸಾಗಿದೆ. ನನಗೂ ವಯಸ್ಸಾಗಿದೆಯೆನ್ನಿ, ಈ ಕಥೆಯ ಹೊತ್ತಿಗೆ ಬಾಯಲ್ಲಿ ಉಳಿದಿದ್ದದ್ದು ಒಂದೇ ಹಲ್ಲು. ಮಿಕ್ಕವನ್ನು ಹುಲಿಯೊಂದಿಗಿನ ಕುಸ್ತಿಯಲ್ಲಿ ಬಿಟ್ಟುಬಂದೆ. ಆ ಒಂದರಿಂದಲೇ ಕಬ್ಬು ಸಿಗಿಯುತ್ತಿದ್ದೆ ಎಂದರೆ ಉಳಿದವು ಇದ್ದಾಗಿನ ವೈಭವವನ್ನು ನೀವೇ ಊಹಿಸಿಕೊಳ್ಳಿ.

ಲಗಮವ್ವ ಬಂದದ್ದು ಒಂದು ಇಳಿಹೊತ್ತಿನಲ್ಲಿ. ಕುರುಬರ ಹುಡುಗಿ, ಕಂಕುಳಲ್ಲಿ ಹೆಣ್ಣುಕೂಸು. ಕೂಸಿನ ಎರಡೂ ಕೈಗೆ ಮೆತ್ತನೆಯ ಅರಿವೆ ಸುತ್ತಿತ್ತು. ಅವಳ ಕಾಲಲ್ಲಿ ಧೂಳು, ಕಣ್ಣಲ್ಲಿ ನಿದ್ದೆಗೆಟ್ಟ ಕೆಂಪು.

"ಕಥೀ ಹೇಳಿ ಮಲಗಿಸಾಂವ ನೀನ ಏನು?" ಎಂದಳು.

"ಲೋಕ ಹಂಗಂತೈತಿ," ಎಂದೆ ವಿನಯದಿಂದ.

"ಲೋಕ ಅಲ್ಲ, ಅವನ ಅಂತಾನ," ಎಂದು ಸೋನಕ್ಕ ಒಲೆಯ ಮುಂದಿನಿಂದಲೇ ಹೇಳಿದಳು. "ಬಾ ತಂಗಿ, ಕೂಡು. ಕೂಸಿನ ಕೈಗೆ ಏನಾಗೈತಿ?"

"ಏನೂ ಆಗಿಲ್ಲಬೇ. ಏನರ ಹಿಡದು ಬಾಯಾಗ ಇಟ್ಟುಕೊಂಡೀತಂತ ಕಟ್ಟೀನಿ." ಅವಳು ಕೂಸಿನ ಕೆಳತುಟಿಯನ್ನು ಮೆಲ್ಲಗೆ ಇಳಿಸಿ ತೋರಿಸಿದಳು. ವಸಡಿನ ಒಳಗೆ ಜೋಳದ ನುಚ್ಚಿನಷ್ಟು ಬಿಳಿಚುಕ್ಕೆ. "ಇನ್ನ ಹೆಸರಿಲ್ಲ ಇದಕ. ನಮ್ಮಪ್ಪ ಕುರಿ ಹೊಡಕೊಂಡು ಹೋದಾಂವ ಇನ್ನೂ ತಿರುಗಿ ಬಂದಿಲ್ಲ. ಕೂಸು ಹುಟ್ಟಿದ್ದೂ ಅವಗ ಗೊತ್ತಿಲ್ಲ. ಇವತ್ತು ಇಲ್ಲಿ ಹಟ್ಟಿ, ನಾಳೆ ಅಲ್ಲಿ. ಗಂಡ, ಮೈದುನ ಇಬ್ಬರೂ ಎರಡು ದಿಕ್ಕಿಗೆ ಹುಡುಕ್ಯಾಡಿ ಬಂದ್ರು. ಸಿಗಲಿಲ್ಲ."

ಸೋನಕ್ಕ ಬೆರಳು ತೊಳೆದುಕೊಂಡು ಬಂದು ವಸಡು ಮುಟ್ಟಿ ನೋಡಿದಳು. "ನಾಳೆ, ಇಲ್ಲಂದ್ರ ನಾಡಿದ್ದು," ಎಂದಳು. ನಗಲಿಲ್ಲ.

"ಇದು ಏನು ಕಚ್ಚತೈತೋ ಅನ್ನೂ ಹೆದರಿಕಿಗೆ ನನ್ನ ನಿದ್ದೀನ ಹೋಗೈತಿ. ನಮ್ಮ ಓಣ್ಯಾಗ ಒಬ್ಬಾಕಿ ಗೂಟವ್ವ ಅದಾಳ. ಈಗೂ ಸಣ್ಣ ಹುಡುಗರು ಆಕಿಗೆ ದನ ಕಟ್ಟಾಕ ಬಂದೀವಂತಾರ."

"ಚಿಂತಿ ಬಿಡು ಮಗಳ," ಎಂದೆ. "ನನ್ನ ಕೈಗೆ ಬಂದೀಯಲ್ಲ. ನಿದ್ದಿ ಮಾಡೂದೊಂದ ನಿನ್ನ ಕೆಲಸ. ನಿಮ್ಮಪ್ಪ ಚಂದ್ರಲೋಕದಾಗ ಕುರಿ ಮೇಯಿಸಾಕತ್ತಿದ್ರೂ ಬೆಳಗಾಗೂದ್ರಾಗ ಮುಟ್ಟಿಸ್ತೀನಿ."

ಆ ರಾತ್ರಿ ಬೋಗಿಯಲ್ಲಿ ಬಳೆಗಾರ ಹುಸೇನಸಾಬನೂ ಇದ್ದ. ಊರೂರು ತಿರುಗಿ ಬಳೆ ಮಾರುವವನು. ಎಲ್ಲಿ ನಿಂತರೂ ವ್ಯಾಪಾರವೇ ಆದ್ದರಿಂದ ತಿಂಗಳಿಗೊಮ್ಮೆ ಬಂದು ಮಲಗುತ್ತಿದ್ದ. ನಾನು ಒಂದು ಎತ್ತಿನಗಾಡಿಯ ಕಥೆ ತೆಗೆದೆ. ಆ ಗಾಡಿ ಹೊರಟು ನಲವತ್ತು ವರ್ಷವಾಯಿತು, ಇನ್ನೂ ಊರಿನ ಅಗಸೆಬಾಗಿಲು ದಾಟಿಲ್ಲ. ಕೂಸು ಎತ್ತಿನ ಕೊಂಬಿನ ವರ್ಣನೆಯಲ್ಲೇ ಮಲಗಿತು, ದಣಿದಿದ್ದ ಲಗಮವ್ವ ಕೊರಳಗಂಟೆಯ ಹೊತ್ತಿಗೆ. ಹುಸೇನಸಾಬ ನಾನು ಬಾಯಿ ತೆರೆಯುವ ಮೊದಲೇ ಮಲಗಿದ್ದ. ಬೋಗಿ ಹೊರಟಿತು.

ಬೆಳಗ್ಗೆ ಸೋನಕ್ಕನೂ ನಾನೂ ತಳ್ಳುಗಾಡಿ ತಳ್ಳಿಕೊಂಡು ಹುಡುಕುತ್ತ ಹೋದರೆ, ಬೋಗಿ ಬಯಲಿನ ಆಚೆಯ ಒಂಟಿ ಮನೆಯ ಹಿತ್ತಿಲಲ್ಲಿ, ಲಿಂಬೆಗಿಡಕ್ಕೂ ಬಟ್ಟೆ ಒಣಹಾಕುವ ಹಗ್ಗಕ್ಕೂ ನಡುವೆ ಇಕ್ಕಟ್ಟಾಗಿ ನಿಂತಿತ್ತು. ಜೈನಬಿಯ ಮನೆ ಅದು. ಗಂಡ ತೀರಿಕೊಂಡ ಮೇಲೆ ಅವಳು ಬಳೆ ತೊಟ್ಟವಳಲ್ಲ. ಬಳೆ ತೊಡದವಳ ಬಾಗಿಲಿಗೆ ಬಳೆಗಾರ ವರ್ಷಗಟ್ಟಲೆ ಯಾಕೆ ಹೋಗುತ್ತಿದ್ದನೆಂದು ನಾವು ಯಾರೂ ಯೋಚಿಸಿರಲಿಲ್ಲ. ಅವಳು ಕಸಬರಿಗೆ ಹಿಡಿದು ನಿಂತಿದ್ದಳು.

"ಹಿತ್ತಲಾಗ ರೈಲ ತಂದು ನಿಲ್ಲಿಸಿದ್ರ ನಾ ಮುಸುರಿ ನೀರ ಎಲ್ಲಿ ಚೆಲ್ಲಲಿ?"

ಹುಸೇನಸಾಬ ಬಳೆಯ ಮಲಾರ ಎದೆಗವಚಿಕೊಂಡು ಮೆಟ್ಟಿಲ ಮೇಲೆ ನಿಂತಿದ್ದ. ಗಡ್ಡ ಬೆಳ್ಳಗೆ, ಮುಖ ಕೆಂಪಗೆ. "ನಂದೇನೂ ತಪ್ಪಿಲ್ಲ. ನಿದ್ದಿ ಮಾಡಿದ್ದು," ಎಂದ.

"ಯಾರ ನಿದ್ದಿ?"

ಅವನು ತಲೆ ತಗ್ಗಿಸಿದ. ಜೈನಬಿಗೆ ಬೋಗಿಯ ನೇಮ ಗೊತ್ತಿಲ್ಲದೆ ಏನು? ಕಸಬರಿಗೆಯನ್ನು ಗೋಡೆಗೆ ಒರಗಿಸಿದಳು. ಆಮೇಲೆ, "ಚಾ ಕುಡಿತೀಯೇನು?" ಎಂದಳು. ಹುಸೇನಸಾಬ ಅವತ್ತು ಇಳಿದವನು ಇವತ್ತಿನವರೆಗೆ ಬೋಗಿ ಹತ್ತಿಲ್ಲ.

ಆದರೆ ಲಗಮವ್ವನಿಗೆ ಒಂದು ರಾತ್ರಿ ದಂಡವಾಯಿತು. ಬಾಗಿಲಲ್ಲಿ ಕೂತು ಅತ್ತಳು. ಹುಸೇನಸಾಬ ಚಹಾದ ಬಟ್ಟಲು ಕೈಯಲ್ಲಿ ಹಿಡಿದೇ ಬಂದು, "ತಪ್ಪಾತು ತಂಗಿ, ನನ್ನ ನಿದ್ದಿ ನಿನ್ನ ದಾರಿ ನುಂಗಿತು," ಎಂದು ಕೂಸಿಗೆ ಒಂದು ಪುಟ್ಟ ಕರಿಬಳೆ ತೆಗೆದುಕೊಟ್ಟ.

"ಕೈಗೆ ಹಾಕಬ್ಯಾಡ!" ಎಂದು ಸೋನಕ್ಕ ಕಿರುಚಿದಳು. "ಕಚ್ಚಿದ್ರ ಬಳೆವ್ವ ಆಗ್ತಾಳ."

"ಕಾಲಿಗೆ ಹಾಕ್ತೀನಿ."

"ಕಾಲೂ ಬಾಯಾಗ ಇಟ್ಟುಕೊಳ್ತಾವ ಹುಡುಗರು. ನಿನಗ ಬಳಿ ಗೊತ್ತು, ಕೂಸು ಗೊತ್ತಿಲ್ಲ."

ಕೊನೆಗೆ ಬಳೆಯನ್ನು ಲಗಮವ್ವನ ಸೆರಗಿನ ತುದಿಗೆ ಗಂಟುಹಾಕಿದರು. ಹಗಲೆಲ್ಲ ನಾವು ಸರದಿಯ ಮೇಲೆ ಕೂಸನ್ನು ಎತ್ತಿಕೊಂಡೆವು. ಅದು ಜೊಲ್ಲು ಸುರಿಸುತ್ತ ಗುಂಡಿ, ಕೀಲಿ, ಕಿಟಕಿಯ ಸರಳು, ನನ್ನ ಮೂಗು, ಎಲ್ಲಕ್ಕೂ ಬಾಯಿ ಹಾಕುತ್ತಿತ್ತು. ಸಂಜೆಯ ಹೊತ್ತಿಗೆ ವಸಡಿನ ಚುಕ್ಕೆ ಗೆರೆಯಾಗಿತ್ತು.

ಅವತ್ತು ಬೋಗಿಯಲ್ಲಿ ತಾಯಿ, ಮಗು ಇಬ್ಬರೇ. ಸೋನಕ್ಕ ಹೊರಗೆ ಲಿಂಬೆಗಿಡದ ಕೆಳಗೆ ಮಲಗಿದಳು. ನಾನು ಕೂಸಿನ ಎದುರಿನ ಹಲಗೆಯ ಮೇಲೆ ಕೂತು ಗಂಟಲು ಸರಿಮಾಡಿಕೊಂಡೆ. ಜೀವಮಾನದ ವಿದ್ಯೆಯನ್ನೆಲ್ಲ ಪಣಕ್ಕಿಟ್ಟೆ. ಎತ್ತಿನಗಾಡಿ ಆಯಿತು. ಒಂದು ಕೆರೆ ತುಂಬುವುದನ್ನು ಹನಿ ಹನಿಯಾಗಿ ಹೇಳಿದೆ. ಹಾವೊಂದು ತನ್ನ ಬಾಲವನ್ನು ನೋಡಲು ತಿರುಗಿದ್ದನ್ನು ತಲೆಯಿಂದ ಶುರುಮಾಡಿದೆ. ಕೂಸು ಕಣ್ಣು ಮುಚ್ಚಿದರೆ ತಾಯಿ ಬಗ್ಗಿ ಅದರ ವಸಡು ನೋಡುತ್ತಿದ್ದಳು. ನೋಡಿದ ಕೂಡಲೇ ಕೂಸು ಎಚ್ಚರ. ತಾಯಿಯ ರೆಪ್ಪೆ ಇಳಿದರೆ ಕೂಸು "ಆಂ" ಎನ್ನುತ್ತಿತ್ತು, ತಾಯಿ ಎಚ್ಚರ. ಹುಲಿಯ ಕುಸ್ತಿಗೆ ಬಂದಾಗ ಲಗಮವ್ವ ನಕ್ಕೇಬಿಟ್ಟಳು. ನನ್ನ ಕಥೆಗೆ ನಗು! ಫೌಜದಾರನ ಕುದುರೆಯೂ ನನಗೆ ಇಂಥ ಅವಮಾನ ಮಾಡಿರಲಿಲ್ಲ.

"ಮುಂದೇನಾತು ಯಪ್ಪಾ?" ಎಂದು ಬೇರೆ ಕೇಳಿದಳು.

ಅಲ್ಲಿಗೆ ನಾನು ಸೋತಂತೆ. ಮುಂದೇನಾತು ಎಂದು ಕೇಳಿದವರನ್ನು ಮಲಗಿಸಿದ ಮಗ ಹುಟ್ಟಿಲ್ಲ. ಕಥೆ ನಿಲ್ಲಿಸಿದೆ. ಆಗ ಅವಳೇ ಕೇಳಿದಳು: "ನಿಂದು ಚಿಲಕಪ್ಪ ಅಂತ ಯಾಕ ಹೆಸರು?"

"ಅದೊಂದು ದೊಡ್ಡ ಕಥಿ. ಮೂರು ರಾಜರು ತಂತಮ್ಮ ಖಜಾನಿ..."

"ಸುಳ್ಳ ಬೊಗಳಬ್ಯಾಡ!" ಕಿಟಕಿಯ ಹೊರಗಿನ ಕತ್ತಲೆಯಿಂದ ಸೋನಕ್ಕನ ದನಿ ಬಂತು. "ಇದ ಬೋಗಿಯೊಳಗ ಸಿಕ್ಕಾಂವ. ಯಾರು ಮಲಗಿಸಿ ಇಳದು ಹೋದ್ರೋ ಗೊತ್ತಿಲ್ಲ. ನಾ ಬಾಗಲಾ ತಗದಾಗ ಚಿಲಕಾ ಕಚ್ಚಿಕೊಂಡು ನಿಂತಿದ್ದ. ಆಗ ಒಂದ ಹಲ್ಲು, ಈಗೂ ಒಂದ ಹಲ್ಲು."

ಸೋನಕ್ಕನಿಗೆ ವಯಸ್ಸಾಗಿದೆ ಎಂದು ಆಗಲೇ ಹೇಳಿದೆ. ಲಗಮವ್ವ ಬಾಗಿಲ ಚಿಲಕವನ್ನು ನೋಡಿದಳು, ನನ್ನನ್ನು ನೋಡಿದಳು. ನಗಲಿಲ್ಲ. ಕೂಸನ್ನು ಎದೆಗೆ ಎಳೆದುಕೊಂಡು, ಅದಕ್ಕೆ ಹೇಳುವವಳಂತೆ ತನ್ನ ಅಪ್ಪನ ವಿಷಯ ಹೇಳತೊಡಗಿದಳು. ಕತ್ತಲಾದ ಮೇಲೆ ಅಪ್ಪ ಹಟ್ಟಿಯ ಬಾಗಿಲಲ್ಲಿ ಕೂಡುತ್ತಾನೆ. ಒಳಗೆ ಹೋಗುವ ಒಂದೊಂದು ಕುರಿಯ ಬೆನ್ನ ಮೇಲೂ ಕೈಯಿಟ್ಟು ಅದರ ಹೆಸರು ಹೇಳುತ್ತಾನೆ. ಬಾ ಕರ್ಯಾ. ಬಾ ಮುತ್ತಿ. ಬಾ ಸುಂಕಿ. ಬಾ ಕಿವಿಹರಕ. ಹೆಸರು ಹೇಳಿಸಿಕೊಳ್ಳದೆ ಒಂದೂ ಒಳಗೆ ಹೋಗುವುದಿಲ್ಲ, ಸರದಿಯಲ್ಲಿ ಕಾಯುತ್ತವೆ. ಬಾ ಬೆಳ್ಳಿ. ಬಾ ಮಳೆರಾಜ. ಬಾ ಗಿಡ್ಡಿ...

ಒಂದು ಕಥೆಯಲ್ಲ, ಕಸುಬುದಾರಿಕೆಯಿಲ್ಲ, ಅಲಂಕಾರವಿಲ್ಲ. ಇದೆಂಥ ಹೇಳುವ ರೀತಿ ಎಂದುಕೊಂಡೆ. ಇವಳು ಮುಗಿಸಿದ ಮೇಲೆ ಇಳಿದು ಹೋಗಬೇಕು ಎಂದುಕೊಂಡೆ. ನನಗೆ ಯಾರೂ ಯಾವತ್ತೂ ಮಲಗುವ ಹೊತ್ತಿನಲ್ಲಿ ಏನನ್ನೂ ಹೇಳಿರಲಿಲ್ಲ ಎಂಬುದು ನೆನಪಾಯಿತು. ಬಾ ಎಂದು ಕರೆಸಿಕೊಂಡ ಕುರಿ ಒಳಗೆ ಹೋಯಿತು. ಇನ್ನೊಂದು ಹೋಯಿತು. ನಾನೂ ಸರದಿಯಲ್ಲಿ ನಿಂತೆ.

ಕಣ್ಣು ತೆರೆದಾಗ ಪರದೆಯ ಮೇಲೆ ಬಿಸಿಲು. ನಾನು ಒಳಗಿದ್ದೆ! ಏಳು ಬಾವಿಯ ನಿದ್ದೆ ಒಳಗೇ ಮಾಡಿಬಿಟ್ಟಿದ್ದೆ. ಎದುರಿಗೆ ತಾಯಿ, ಮಗು ಇನ್ನೂ ಮಲಗಿದ್ದರು. ಕಣ್ಣು ಮುಚ್ಚಿಕೊಂಡು ಮೂಗಿನಿಂದ ಗಾಳಿ ಎಳೆದು, ಭಜಿಯ ಎಣ್ಣೆಯ ವಾಸನೆ ಬರುತ್ತದೆಯೇ ಎಂದು ನೋಡಿದೆ. ಆ ಕೂಸಿಗೆ ನನ್ನ ಹೊಟ್ಟೆಬಾಕತನದಿಂದ ಬಾಣಲೆವ್ವ ಎಂದು ಹೆಸರು ಬಿದ್ದರೆ ಯಾವ ಮುಖ ಇಟ್ಟುಕೊಂಡು ಬದುಕಲಿ? ಆದರೆ ಮೂಗಿಗೆ ಬಂದದ್ದು ಹಸಿ ಉಣ್ಣೆಯ, ಹಿಕ್ಕೆಯ ವಾಸನೆ. ಪರದೆ ಸರಿಸಿದೆ. ಕಣ್ಣು ಹಾಯುವವರೆಗೂ ಕುರಿ. ಹತ್ತು ಸಾವಿರ ಇರಬಹುದು, ಲಕ್ಷವೂ ಇರಬಹುದು. ಲಗಮವ್ವ ಆಮೇಲೆ ಒಂದು ಮಂದೆ ಎಂದಳು, ಅದು ಅವಳ ಸಣ್ಣತನ. ಕುರಿಗಳ ನಡುವೆ ಒಬ್ಬ ಮನುಷ್ಯ ಕಂಬಳಿ ಹೊದ್ದು, ಕೈಯಲ್ಲಿ ಕದಿರು ತಿರುಗಿಸುತ್ತ ಉಣ್ಣೆ ನೂಲುತ್ತ, ತನ್ನ ಹಟ್ಟಿಯ ಬಾಗಿಲಿಗೆ ಬಂದು ನಿಂತ ರೈಲನ್ನು ಹೊಸ ಟಗರನ್ನು ನೋಡುವಂತೆ ನೋಡುತ್ತಿದ್ದ.

"ಯಪ್ಪಾ!" ಎಚ್ಚೆತ್ತ ಲಗಮವ್ವ ಕೂಸನ್ನು ಎತ್ತಿಕೊಂಡು ಬರಿಗಾಲಲ್ಲಿ ಇಳಿದು ಓಡಿದಳು.

ಅಮೋಗೆಪ್ಪ, ಅದು ಅವನ ಹೆಸರು, ಮಗಳ ಮುಖ ನೋಡಿದ, ಕೂಸಿನ ಮುಖ ನೋಡಿದ, ಏನನ್ನೂ ಕೇಳಲಿಲ್ಲ. ಕದಿರು ಕಂಕುಳಿಗೆ ಸಿಕ್ಕಿಸಿ, ಕೂಸಿನ ತುಟಿ ಇಳಿಸಿ ವಸಡು ನೋಡಿದ. ಕೂಡಲೇ ಅದರ ಕಿವಿಗೆ ಬಾಯಿಟ್ಟು ಊದಿದ. ಆಮೇಲೆ ನಮಗೆ ಕೇಳುವಂತೆ ಹೇಳಿದ: "ಮಾಳವ್ವ." ಅದು ಲಗಮವ್ವನ ತೀರಿಹೋದ ತಾಯಿಯ ಹೆಸರಂತೆ. ಹೇಳಿ ಮುಗಿಸಿ ಹೆಬ್ಬೆರಳಿನಿಂದ ಮೊಮ್ಮಗಳ ಜೊಲ್ಲು ಒರೆಸಿದ. "ಅಯ್ಯಯ್ಯ!" ಎಂದು ಕೈ ಕೊಡವಿದ. ಬೆರಳ ಮೇಲೆ ಒಂದು ಸಣ್ಣ ಕೆಂಪು ಗೆರೆ. ಇನ್ನೊಂದು ಉಸಿರು ತಡವಾಗಿದ್ದರೆ ಕೂಸು ಹೆಬ್ಬೆರಳವ್ವ ಆಗುತ್ತಿತ್ತು. ಲಗಮವ್ವ ಕೂಸಿನ ಕೈಗಳಿಗೆ ಸುತ್ತಿದ್ದ ಅರಿವೆಯನ್ನು ಬಿಚ್ಚಿದಳು, ಬಿಚ್ಚುತ್ತ ಬಿಚ್ಚುತ್ತ ನಗುತ್ತ ಅತ್ತಳು. ಮಾಳವ್ವ ಬಿಡುಗಡೆಯಾದ ಕೈಯಿಂದ ಮೊದಲು ನನ್ನ ಮೂಗನ್ನೇ ಹಿಡಿದಳು.

ಬೋಗಿಯನ್ನು ತಂದವನು ನಾನು ಎಂದು ಹೇಳಿದೆ. "ಇಲ್ಲ, ನಂದ ನಿದ್ದಿ," ಎಂದಳು ಲಗಮವ್ವ. ಈ ವ್ಯಾಜ್ಯ ಇವತ್ತಿಗೂ ಮುಗಿದಿಲ್ಲ. ನನ್ನ ನಿದ್ದೆಗೆ ಭಜಿ ಬಿಟ್ಟು ಬೇರೇನು ಬೇಕಾಗಿತ್ತು ಎಂದು ಅವಳು ಕೇಳುತ್ತಾಳೆ.

ಕುರಿಹಾಲು ಕುಡಿದು ಕೂತಿದ್ದಾಗ ಅವಳು ಅಪ್ಪನ ಕಡೆ ವಾಲಿ ಮೆಲ್ಲಗೆ, "ಯಪ್ಪಾ, ಇವರ ಕಿವ್ಯಾಗೂ ಯಾರೂ ಊದಿಲ್ಲ," ಎಂದಳು.

"ಹಂಗೇನಿಲ್ಲ," ಎಂದೆ. "ಮೂರು ಜನ ರಾಜರು..."

"ಬಾಯಿ ತೆರಿ," ಎಂದ ಅಮೋಗೆಪ್ಪ.

ತೆರೆದೆ. ಅವನು ಟಗರಿನ ವಯಸ್ಸು ನೋಡುವವನಂತೆ ಒಳಗೆ ಬಗ್ಗಿ ನೋಡಿದ. "ಒಂದ ಐತಿ. ಹಲ್ಲು ಇದ್ದ ಬಾಯಿಗೆ ಹೆಸರು ಊದಂಗಿಲ್ಲ. ಇದೊಂದು ಅಡ್ಡ ನಿಂತೈತಿ ನೋಡು."

ಲಗಮವ್ವನೂ ನಾನೂ ಮುಖಮುಖ ನೋಡಿಕೊಂಡೆವು. ಕಬ್ಬು ಸಿಗಿಯುತ್ತಿದ್ದ ಹಲ್ಲು ಅದು. ಸ್ವಲ್ಪ ಅಲ್ಲಾಡುತ್ತಿತ್ತು, ಇಲ್ಲವೆನ್ನುವುದಿಲ್ಲ. "ತಗಿ," ಎಂದೆ.

ಅಮೋಗೆಪ್ಪ ಕದಿರಿನಿಂದ ಹೊಸದಾಗಿ ನೂತ ಎಳೆಯೊಂದನ್ನು ಬಿಚ್ಚಿ, ಎರಡು ಸುತ್ತು ಹುರಿಮಾಡಿ, ಒಂದು ತುದಿಯನ್ನು ನನ್ನ ಹಲ್ಲಿಗೆ ಕಟ್ಟಿದ. ಇನ್ನೊಂದು ತುದಿಯನ್ನು ಎಲ್ಲಿಗೆ ಕಟ್ಟುವುದು ಎಂದು ಸುತ್ತ ನೋಡಿದ. ಬಯಲಿನಲ್ಲಿ ಕುರಿಗಳನ್ನು ಬಿಟ್ಟರೆ ಬೋಗಿ ಒಂದೇ. ನಾನೇ ಎದ್ದು ಹೋಗಿ ಬಾಗಿಲಿನ ಚಿಲಕಕ್ಕೆ ಕಟ್ಟಿದೆ. ಎಷ್ಟೋ ವರ್ಷ ಸವೆದು ನುಣುಪಾದ ಚಿಲಕ. ಕೆಳಗಿನ ಅಂಚಿನಲ್ಲಿ ಒಂದು ಸಣ್ಣ ಗೀರು ಇತ್ತು. ಅದನ್ನು ನಾನು ದಿನಾ ಮುಟ್ಟುತ್ತಿದ್ದೆ, ನೋಡಿರಲಿಲ್ಲ. ಲಗಮವ್ವ ಬಾಗಿಲನ್ನು ಎಳೆದು ಬಡಿದಳು. ನಾನು ಕೂಗಲಿಲ್ಲ. ಕುರಿಗಳು ಬೆದರಿ ಒಂದು ಗಾವುದ ಓಡಿದ್ದು ಬೇರೆ ಕಾರಣಕ್ಕೆ.

ಆಮೇಲೆ ನನಗಿಂತ ಹತ್ತು ವರ್ಷ ಚಿಕ್ಕವನಾದ ಆ ಮನುಷ್ಯನ ಮುಂದೆ ನಾನು ಮೊಮ್ಮಗನಂತೆ ಕೂತೆ. ಅವನು ನನ್ನ ತಲೆಯ ಮೇಲೆ ಕೈಯಿಟ್ಟ. ಕಿವಿಯ ಹತ್ತಿರ ಬಂದ. ಬಾಯಲ್ಲಿ ಹಾಲಿನ ವಾಸನೆ, ಗಡ್ಡದಲ್ಲಿ ಉಣ್ಣೆಯ ಎಳೆ. ಊದಿದ.

ಸೋನಕ್ಕ ಮಧ್ಯಾಹ್ನದ ಬಿಸಿಲಿನಲ್ಲಿ ತಳ್ಳುಗಾಡಿ ತಳ್ಳಿಕೊಂಡು, ನನ್ನ ವಂಶಕ್ಕೆಲ್ಲ ಬೈಯುತ್ತ ಬಂದಳು. ನನಗೆ ವಂಶ ಇಲ್ಲವೆಂದು ತಾನೇ ಹೇಳಿದ್ದು ಅವಳಿಗೆ ಮರೆತಿತ್ತು. ಮಾಳವ್ವನ ಹೆಸರು ಕೇಳಿ, ಹಲ್ಲು ನೋಡಿ, ಮುತ್ತಿಟ್ಟು, ಸಮಾಧಾನವಾದ ಮೇಲೆ ನನ್ನ ಕಡೆ ತಿರುಗಿ, "ನಿನ್ನ ಹಲ್ಲೆಲ್ಲಿ?" ಎಂದಳು. ಲಗಮವ್ವ ಎಲ್ಲವನ್ನೂ ಹೇಳಿದಳು.

"ಹೌದೇನು? ಏನಂತ ಊದಿದಾ?"

ನಾನು ಸುಮ್ಮನಿದ್ದೆ. ಅವಳು ನನ್ನ ಹಣೆ ಮುಟ್ಟಿ ನೋಡಿದಳು, ಜ್ವರವಿದೆಯೇ ಎಂದು. ಆಗ ನಾನು ಬಗ್ಗಿ, ಅವಳ ಕಿವಿಯ ಮೇಲಿನ ಬಿಳಿಕೂದಲು ಸರಿಸಿ, ಆ ಹೆಸರನ್ನು ಹಾಗೆಯೇ ಊದಿದೆ.

ಸೋನಕ್ಕ ಕಿವಿಯನ್ನು ಕೈಯಲ್ಲಿ ಮುಚ್ಚಿಕೊಂಡು ನಿಂತಳು. "ಚಲೋ ಐತಿ," ಎಂದಳು. "ಆದರ ನಾ ಚಿಲಕ್ಯಾ ಅಂತನ ಕರೀತೀನಿ. ರೂಢಿ ಬಿದ್ದೈತಿ." ಎಂದವಳು ನಮ್ಮ ಕಡೆ ಬೆನ್ನು ಮಾಡಿ, ಹೊಗೆ ಹೊಗೆ ಎನ್ನುತ್ತ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಒಲೆ ಇನ್ನೂ ಹೊತ್ತಿಸಿರಲಿಲ್ಲ.

ಆ ಹೆಸರೇನೆಂದು ನೀವೂ ಕೇಳುತ್ತೀರಿ, ಗೊತ್ತು. ಬೋಗಿಗೆ ಬಂದವರೆಲ್ಲ ಕೇಳುತ್ತಾರೆ. ಹುಲಿಯ ಕಥೆ ಬೇಕಾದರೆ ಇನ್ನೊಮ್ಮೆ ಹೇಳುತ್ತೇನೆ, ಈ ಸಲ ಎರಡು ಹುಲಿ. ಹೆಸರು ಮಾತ್ರ ಹೇಳುವುದಿಲ್ಲ. ನನ್ನ ಬಾಯಿಗೆ ಬಿದ್ದದ್ದೆಲ್ಲ ಒಂದು ಗೇಣು ಉದ್ದ ಬೆಳೆದುಬಿಡುತ್ತದೆ. ಅದೊಂದು ನನಗೆ ಅಳತೆ ತೆಗೆದು ಹೊಲಿದ ಅಂಗಿಯಂತೆ ಸರಿಯಾಗಿದೆ, ಇದ್ದಷ್ಟೇ ಇರಲಿ.